ಏರ್ ರೈಫಲ್ ಬದಲಿಸುವಾಗ: ಕೊಳ್ಳುವುದರಿಂದ ಸ್ಟಾಕ್ ಪಾಲಿಶ್‌ವರೆಗೆ ಹಂತ ಹಂತವಾಗಿ

ಮೈಸೂರು, ಮಂಡ್ಯ ಕಡೆಯ ಏರ್ ರೈಫಲ್ ಗೆಳೆಯರಿಂದ ಮತ್ತೆ ಮತ್ತೆ ಬರುವ ದೂರು ಎರಡು. ‘ಜಾಸ್ತಿ ಪವರ್ ಇರೋ ರೈಫಲ್ ತಂದೆ, ಗುರಿ ಹಳೆಯದಕ್ಕಿಂತ ಕೆಟ್ಟಿದೆ’ ಅನ್ನುವುದು ಒಂದು. ‘ಸ್ಟಾಕ್‌ಗೆ ಎಣ್ಣೆ ಹಚ್ಚಿದೆ, ತಿಂಗಳಾದರೂ ಕೈಗೆ ಅಂಟುತ್ತಿದೆ’ ಅನ್ನುವುದು ಇನ್ನೊಂದು. (ಸ್ಟಾಕ್ ಅಂದರೆ ಭುಜಕ್ಕೆ ಆನಿಸಿ ಹಿಡಿಯುವ ಮರದ ಭಾಗ.) ಎರಡರಲ್ಲೂ ತಪ್ಪು ಸಾಮಾನಿನದ್ದಲ್ಲ, ಕೆಲಸದ ಕ್ರಮದ್ದು. ಮೊದಲು ನೋಡಬೇಕಾದ್ದನ್ನು ಕೊನೆಗೆ ನೋಡುತ್ತಾರೆ, ಒಣಗಲು ಬಿಡಬೇಕಾದಲ್ಲಿ ಇನ್ನೊಂದು ಕೋಟ್ ಬಳಿಯುತ್ತಾರೆ. ಅದಕ್ಕೇ ಇಲ್ಲಿ ಎಲ್ಲವನ್ನೂ ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ. ದಯವಿಟ್ಟು ಹಂತ ಹಾರಿಸಬೇಡಿ.

ಬೇಕಾಗುವ ಸಾಮಾನು

ಸ್ಕ್ರೂ ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಮತ್ತು ಅಲೆನ್ ಕೀ ಸೆಟ್, ಹಳೆ ಬನಿಯನ್ ಬಟ್ಟೆ, ಹಳೆ ಟೂತ್ ಬ್ರಷ್, ಇಸ್ತ್ರಿ ಪೆಟ್ಟಿಗೆ, 220, 320, 400, 600 ನಂಬರಿನ ಉಪ್ಪು ಕಾಗದ, ಉಜ್ಜಲು ಒಂದು ಚಿಕ್ಕ ಮರದ ತುಂಡು, ಡಬಲ್ ಬಾಯ್ಲ್ಡ್ ಲಿನ್ಸೀಡ್ ಆಯಿಲ್ (ಅಗಸೆ ಎಣ್ಣೆ), ಟರ್ಪೆಂಟೈನ್, ಎರಡು ಟ್ಯೂಬಿನಲ್ಲಿ ಬರುವ ಎಪಾಕ್ಸಿ ಅಂಟು, ಹಳೇ ಸೈಕಲ್ ಟ್ಯೂಬ್, ಸಿಲಿಕಾ ಜೆಲ್, ನೀಲಿ ಬಣ್ಣದ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು). ಯಾವುದೇ ಹಾರ್ಡ್‌ವೇರ್ ಮತ್ತು ಪೇಂಟ್ ಅಂಗಡಿ ಸುತ್ತಿದರೆ ಬಹುತೇಕ ಎಲ್ಲ ಸಿಗುತ್ತದೆ.

ಸ್ಕ್ರೂಡ್ರೈವರ್ ವಿಷಯದಲ್ಲಿ ಮಾತ್ರ ಜುಗ್ಗತನ ಬೇಡ. ಅಳತೆ ಸರಿಯಿಲ್ಲದ ಸ್ಕ್ರೂಡ್ರೈವರ್ ಜಾರಿ ಸ್ಟಾಕ್ ಮೇಲೆ ಗೀರು ಎಳೆದರೆ, ಆ ಗೀರು ತೆಗೆಯುವುದೇ ಒಂದು ದಿನದ ಕೆಲಸ.

ಹಂತ 1: ಹಳೆಯ ರೈಫಲ್‌ನದ್ದೇ ತಪ್ಪಾ, ಮೊದಲು ನೋಡಿ

ಹೊಸದಕ್ಕೆ ದುಡ್ಡು ತೆಗೆಯುವ ಮುಂಚೆ ಇರುವ ರೈಫಲ್‌ನ ಸ್ಟಾಕ್ ಸ್ಕ್ರೂಗಳನ್ನು ಮುಟ್ಟಿ ನೋಡಿ. ಸ್ಪ್ರಿಂಗ್ ರೈಫಲ್‌ನಲ್ಲಿ ಪ್ರತಿ ಹೊಡೆತಕ್ಕೂ ಎರಡು ಕಡೆಗೆ ಜಗ್ಗಾಟ ಇರುತ್ತದೆ. ಒಳಗಿನ ಸ್ಪ್ರಿಂಗ್ ತಳ್ಳಿದ ಪಿಸ್ಟನ್ ಗಾಳಿ ಒತ್ತುತ್ತಾ ಮುಂದೆ ಓಡುವಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ಹೋಗಿ ನಿಂತಾಗ ಮುಂದಕ್ಕೆ ಎಗರುತ್ತದೆ. ಈ ಜಗ್ಗಾಟಕ್ಕೆ ಸ್ಕ್ರೂ ಸಡಿಲವಾಗದೆ ಇರುವುದಿಲ್ಲ. ಮುಂಭಾಗದ ಎರಡು ಪಕ್ಕದ ಸ್ಕ್ರೂಗಳಲ್ಲಿ ಒಂದು ಕಾಲು ಸುತ್ತು ಸಡಿಲವಾದರೂ ಸಾಕು, ಗುಂಡುಗಳು ಚದುರುತ್ತವೆ.

ಆಮೇಲೆ 10 ಮೀಟರ್ ದೂರದಲ್ಲಿ ಕಾಗದ ಕಟ್ಟಿ, ಮೆತ್ತನೆ ದಿಂಬಿನ ಮೇಲೆ ಅಂಗೈ ಇಟ್ಟು, ಅಂಗೈ ಮೇಲೆ ರೈಫಲ್ ಇಟ್ಟು ಐದೈದು ಗುಂಡಿನ ನಾಲ್ಕು ಗುಂಪು ಹೊಡೆಯಿರಿ. ಪ್ರತಿ ಗುಂಪಿಗೂ ಬೇರೆ ಕಾಗದ. ನಾಲ್ಕೂ ಗುಂಪು ಒಂದು ರೂಪಾಯಿ ನಾಣ್ಯದೊಳಗೆ ಮುಚ್ಚಿಹೋದರೆ ರೈಫಲ್ ಚೆನ್ನಾಗಿಯೇ ಇದೆ. ನಿಮಗೆ ಬೇಕಿರುವುದು ಅಭ್ಯಾಸ, ಇಲ್ಲವೇ ಮೈಗೆ ಹೊಂದುವ ಸ್ಟಾಕ್. ಗುಂಪು ದೊಡ್ಡದಿದ್ದರೆ ಇನ್ನೊಂದು ಬಗೆಯ ಪೆಲೆಟ್ (ಏರ್ ರೈಫಲ್ ಗುಂಡು) ತಂದು ಇದನ್ನೇ ಮತ್ತೆ ಮಾಡಿ. ಪೆಲೆಟ್ ಬದಲಿಸಿದ ಮೇಲೂ ಚದುರಿದರೆ ಆಗ ಹೊಸ ರೈಫಲ್ ಯೋಚನೆ ಸರಿ.

ಎಚ್ಚರಿಕೆಯ ಸೂಚನೆಗಳು: ಹೊಡೆದಾಗ ‘ಟೊಯ್ಯ್’ ಎಂಬ ಸ್ಪ್ರಿಂಗ್ ಸದ್ದು ಜಾಸ್ತಿಯಾಗಿದ್ದರೆ, ಕಾಕ್ ಮಾಡುವಾಗ (ಹೊಡೆಯಲು ಸ್ಪ್ರಿಂಗ್ ಒತ್ತಿ ಸಜ್ಜು ಮಾಡುವಾಗ) ಒಳಗೆ ಗರಗರ ಅಂದರೆ, ಬ್ಯಾರಲ್ ಮುಚ್ಚಿದ ಮೇಲೂ ಕೀಲಿನ ಹತ್ತಿರ ಪಕ್ಕಕ್ಕೆ ಅಲ್ಲಾಡಿದರೆ ರಿಪೇರಿ ಬೇಕು. ಬ್ಯಾರಲ್ ಮುಚ್ಚುವ ಜಾಗದಲ್ಲಿ ಒಂದು ಎಳೆ ಟಿಶ್ಯೂ ಕಾಗದ ಇಟ್ಟು ಹೊಡೆಯಿರಿ, ಖಾಲಿ ಅಲ್ಲ, ಪೆಲೆಟ್ ಹಾಕಿಯೇ. ಕಾಗದ ಹಾರಿದರೆ ಬ್ರೀಚ್ ಸೀಲ್ (ಅಲ್ಲಿ ಗಾಳಿ ತಡೆಯುವ ಬಳೆ) ಸೋರುತ್ತಿದೆ. ಅದು ಸಣ್ಣ ಖರ್ಚಿನ ಭಾಗ, ಅದಕ್ಕಾಗಿ ರೈಫಲ್ ಬದಲಿಸಬೇಕಿಲ್ಲ.

ಹಂತ 2: ಕಾನೂನು ಮತ್ತು ಜಾಗ, ಕೊಳ್ಳುವ ಮೊದಲೇ

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆಯ ಒಳ ಅಳತೆ 4.5 ಮಿಲಿಮೀಟರ್, ಅಂದರೆ .177 ಇಂಚು ದಾಟಿದರೆ, ಅಥವಾ ನಳಿಕೆ ಬಾಯಿಯಲ್ಲಿ ಗುಂಡಿನ ಶಕ್ತಿ 20 ಜೂಲ್ ದಾಟಿದರೆ ಲೈಸೆನ್ಸ್ ಬೇಕು. ಹಾಗಾಗಿ .22 ಏರ್ ರೈಫಲ್ ‘ಎಲ್ಲರ ಹತ್ರನೂ ಇದೆ’ ಎಂದು ಯಾರಾದರೂ ಕೊಡಲು ಬಂದರೆ ಬೇಡ ಅನ್ನಿ. ಬಿಲ್ ಇಲ್ಲದ ರೈಫಲ್ ಕೂಡ ಬೇಡ. ಬಿಲ್‌ನಲ್ಲಿ ಮಾಡೆಲ್, ಸೀರಿಯಲ್ ನಂಬರ್, ಅಳತೆ ಬರೆದಿದೆಯಾ ನೋಡಿಕೊಂಡು, ಒಂದು ಜೆರಾಕ್ಸ್ ಪ್ರತಿಯನ್ನು ರೈಫಲ್ ಚೀಲದಲ್ಲೇ ಇಡಿ.

ಶಕ್ತಿಯ ಲೆಕ್ಕ ಸುಲಭ. ಪೆಲೆಟ್ ತೂಕ ಗ್ರಾಂನಲ್ಲಿ, ವೇಗ ಸೆಕೆಂಡಿಗೆ ಮೀಟರ್‌ನಲ್ಲಿ ತೆಗೆದುಕೊಳ್ಳಿ. ತೂಕವನ್ನು ವೇಗದಿಂದ ಎರಡು ಸಲ ಗುಣಿಸಿ 2000ದಿಂದ ಭಾಗಿಸಿ. 0.53 ಗ್ರಾಂ ಪೆಲೆಟ್ 250 ಮೀಟರ್ ವೇಗದಲ್ಲಿ ಹೋದರೆ ಸುಮಾರು 16.5 ಜೂಲ್. ಅದೇ ಪೆಲೆಟ್ 275 ಮೀಟರ್ ಮುಟ್ಟಿದರೆ 20 ಜೂಲ್ ಆಗಿಬಿಡುತ್ತದೆ. ಸ್ಪ್ರಿಂಗ್ ಬದಲಿಸಿ ‘ಪವರ್ ಏರಿಸಿ ಕೊಡ್ತೀನಿ’ ಅನ್ನುವವರ ಮಾತಿಗೆ ಒಪ್ಪಿಕೊಂಡರೆ ಗೊತ್ತಿಲ್ಲದೇ ಈ ಗೆರೆ ದಾಟುತ್ತೀರಿ.

10 ಮೀಟರ್ ಸ್ಪರ್ಧೆಯ ರೈಫಲ್‌ಗಳು ಸುಮಾರು 7.5 ಜೂಲ್‌ನ ಆಸುಪಾಸಿನಲ್ಲೇ ಇರುತ್ತವೆ. ಆ ಶಕ್ತಿಯಲ್ಲೇ ಅವು ಅರ್ಧ ಮಿಲಿಮೀಟರ್ ಅಗಲದ ಹತ್ತು ಅಂಕದ ಚುಕ್ಕೆಯನ್ನು ಹುಡುಕಿ ಹೊಡೆಯುತ್ತವೆ. ಕಾಗದಕ್ಕೆ ಹೊಡೆಯಲು ಪವರ್ ಬೇಡ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಜಾಗ. ಕುವೆಂಪುನಗರ, ಸರಸ್ವತಿಪುರಂ ಥರದ ಒತ್ತೊತ್ತಾಗಿ ಮನೆಗಳಿರುವ ಬಡಾವಣೆಯಲ್ಲಿ ತಾರಸಿ ಮೇಲೆ ಹೊಡೆಯಬೇಡಿ. ಏರ್ ರೈಫಲ್ ಪೆಲೆಟ್ 10 ಮೀಟರ್‌ಗೆ ನಿಲ್ಲುವುದಿಲ್ಲ, ನೂರಾರು ಮೀಟರ್ ಹೋಗುತ್ತದೆ. ರೇಂಜ್‌ಗೆ ಹೋಗಿ, ಇಲ್ಲವಾದರೆ ಹಿಂದೆ ಗಟ್ಟಿ ಮಣ್ಣಿನ ದಿಬ್ಬ ಇರುವ ಸ್ವಂತ ಜಮೀನಿನಲ್ಲಿ, ಪೆಲೆಟ್ ಹಿಡಿಯುವ ಕಬ್ಬಿಣದ ಪೆಟ್ಟಿಗೆ ಇಟ್ಟು ಹೊಡೆಯಿರಿ. ಕಣ್ಣಿಗೆ ಸೇಫ್ಟಿ ಕನ್ನಡಕ ಇರಲೇಬೇಕು.

ಮಂಡ್ಯ ಕಡೆಯವರಿಗೆ ಒಂದು ಮಾತು. ಭತ್ತದ ಗದ್ದೆಗೆ ಬರುವ ಗಿಳಿ, ನವಿಲು, ಕೊಕ್ಕರೆ ಯಾವುದಕ್ಕೂ ಗುರಿಯಿಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಜನ ಮನೆ ಮುಂದಿನ ಮರದಲ್ಲೇ ಹೆಜ್ಜಾರ್ಲೆಗಳಿಗೆ ಗೂಡು ಕಟ್ಟಲು ಬಿಟ್ಟಿದ್ದಾರೆ. ಅಂಥ ಸೀಮೆಯಲ್ಲಿ ಹಕ್ಕಿಗೆ ಗುರಿಯಿಡುವ ಯೋಚನೆಯೇ ಬರಬಾರದು.

ಹಂತ 3: ಯಾವ ಬಗೆ ನಿಮಗೆ?

ಬ್ರೇಕ್ ಬ್ಯಾರಲ್ ಸ್ಪ್ರಿಂಗ್ ರೈಫಲ್: ಬ್ಯಾರಲ್ ಮಡಿಸಿ ಕಾಕ್ ಮಾಡುವಂಥದ್ದು. ಪಂಪ್ ಬೇಡ, ಸಿಲಿಂಡರ್ ಬೇಡ. ಹಿಡಿತ ಕಲಿಯಲು ಸಮಯ ಬೇಕು. ಹಳೆಯದೂ ಇದೇ ಬಗೆಯದ್ದಾಗಿದ್ದು, ಹೊಸದೂ ಇದೇ ಬೇಕು ಅಂದರೆ ‘ಜಾಸ್ತಿ ವೇಗ’ ನೋಡಬೇಡಿ, ಟ್ರಿಗರ್ ಮತ್ತು ಬ್ಯಾರಲ್ ನೋಡಿ. ಪವರ್ ಏರಿದಂತೆ ಜಗ್ಗಾಟವೂ ಏರುತ್ತದೆ, ಗುರಿ ಹಿಡಿಯುವುದು ಕಷ್ಟವಾಗುತ್ತದೆ. ಮೊದಲ ದೂರಿನ ಮೂಲ ಇದೇ.

ಅಂಡರ್ ಲಿವರ್: ಬ್ಯಾರಲ್ ಅಲ್ಲಾಡದೆ ಸ್ಥಿರವಾಗಿರುತ್ತದೆ, ಕೆಳಗಿನ ಲಿವರ್ ಎಳೆದು ಕಾಕ್ ಮಾಡಬೇಕು. ತೂಕ ಜಾಸ್ತಿ.

ಪಿಸಿಪಿ (ಪ್ರಿ-ಚಾರ್ಜ್ಡ್ ನ್ಯುಮ್ಯಾಟಿಕ್): ಸಿಲಿಂಡರ್‌ನಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ ತುಂಬಿಟ್ಟು ಹೊಡೆಯುವಂಥದ್ದು. ಜಗ್ಗಾಟ ಬಹುತೇಕ ಇಲ್ಲ. ಸ್ಪರ್ಧೆಗೆ ಹೋಗುವ ಮನಸ್ಸಿದ್ದರೆ ಕೊನೆಗೆ ಇಲ್ಲಿಗೇ ಬರಬೇಕು. ಆದರೆ ಗಾಳಿ ಎಲ್ಲಿ ತುಂಬಿಸುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತು ಬಾರ್ ಕೊಡುವುದೇ ಹೆಚ್ಚು, ಅದರಿಂದ ಆಗುವುದಿಲ್ಲ. ತೇವ ಹಿಡಿಯುವ ಫಿಲ್ಟರ್ ಇರುವ ಕೈ ಪಂಪ್, ಅಥವಾ ಈ ಕೆಲಸಕ್ಕೇ ಇರುವ ಕಂಪ್ರೆಸರ್ ಬೇಕು. ಕೈ ಪಂಪ್ ಬಿಸಿಯಾದರೆ ಆರುವವರೆಗೆ ನಿಲ್ಲಿಸಿ, ಬಿಸಿ ಪಂಪ್ ಒಳಗೆ ನೀರಿನಂಶ ತಳ್ಳುತ್ತದೆ.

ಇದನ್ನು ದಪ್ಪಕ್ಷರದಲ್ಲಿ ಬರೆದಂತೆ ಓದಿಕೊಳ್ಳಿ: ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್‌ನಿಂದ ಪಿಸಿಪಿ ತುಂಬಿಸಲೇಬಾರದು. ಒತ್ತಡದ ಆಕ್ಸಿಜನ್‌ಗೆ ಚೂರು ಜಿಡ್ಡು ಸಿಕ್ಕರೂ ಸ್ಫೋಟವಾಗುತ್ತದೆ. ಹಾಗೆಯೇ ಸಿಲಿಂಡರ್ ಬಾಯಿಗೆ, ಪಂಪ್ ಕೊಂಡಿಗೆ ಹೊಲಿಗೆ ಮಷಿನ್ ಎಣ್ಣೆ, ಗ್ರೀಸ್ ಯಾವುದನ್ನೂ ಹಚ್ಚಬಾರದು. ತಯಾರಕರು ಹೇಳಿದ ಸಿಲಿಕೋನ್ ಗ್ರೀಸ್ ಮಾತ್ರ.

ಹಂತ 4: ಕೈಯಲ್ಲಿ ಹಿಡಿದು ನೋಡುವುದು

ಸ್ಟಾಕ್ ಮೈಗೆ ಹೊಂದುವುದು ಎಲ್ಲಕ್ಕಿಂತ ಮುಖ್ಯ. ಕಾಲಿಗೆ ಹೊಂದದ ಚಪ್ಪಲಿ ಹಾಕಿಕೊಂಡು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ ಹಾಗೆ, ಹೊಂದದ ಸ್ಟಾಕ್ ಮೊದಲ ಹತ್ತು ಗುಂಡಿಗೆ ಗೊತ್ತಾಗುವುದಿಲ್ಲ, ಆಮೇಲೆ ಭುಜ, ಕುತ್ತಿಗೆ ಎಲ್ಲ ಹೇಳುತ್ತವೆ.

ಕಣ್ಣು ಮುಚ್ಚಿ ರೈಫಲ್ ಭುಜಕ್ಕೆ ಏರಿಸಿ, ಕೆನ್ನೆ ಸಹಜವಾಗಿ ಇಡಿ. ಕಣ್ಣು ಬಿಟ್ಟಾಗ ಸೈಟ್ ನೇರವಾಗಿ ಎದುರಿಗೆ ಇರಬೇಕು. ತಲೆ ಎತ್ತಬೇಕಾಗಿ ಬಂದರೆ ಕೆನ್ನೆ ಇಡುವ ಜಾಗ ತಗ್ಗು, ಕತ್ತು ತಗ್ಗಿಸಬೇಕಾಗಿ ಬಂದರೆ ಎತ್ತರ. ಉದ್ದ ನೋಡಲು ಮೊಣಕೈ ಮಡಿಸಿ, ಭುಜಕ್ಕೆ ತಾಗುವ ತುದಿಯ ತಟ್ಟೆಯನ್ನು, ಅಂದರೆ ಬಟ್ ಪ್ಲೇಟ್ ಅನ್ನು ಮೊಣಕೈ ಒಳಮಡಿಕೆಗೆ ಆನಿಸಿ. ತೋರುಬೆರಳಿನ ಮೊದಲ ಗೆಣ್ಣು ಆರಾಮವಾಗಿ ಟ್ರಿಗರ್ ಮುಟ್ಟಬೇಕು. ದೊಡ್ಡವರಿಗೆ ಸಾಮಾನ್ಯವಾಗಿ ಟ್ರಿಗರ್‌ನಿಂದ ಬಟ್‌ವರೆಗೆ 33ರಿಂದ 36 ಸೆಂಟಿಮೀಟರ್ ಸರಿಹೋಗುತ್ತದೆ. ಮಕ್ಕಳಿಗೆ ದೊಡ್ಡವರ ರೈಫಲ್ ಕೊಟ್ಟು ‘ಬೆಳೀತಾರೆ ಬಿಡಿ’ ಅನ್ನುವುದು ಸರಿಯಲ್ಲ. ಬೆನ್ನು ಹಿಂದಕ್ಕೆ ಬಾಗಿಸಿ ನಿಲ್ಲುವ ಚಾಳಿ ಒಮ್ಮೆ ಬಂದರೆ ಬಿಡಿಸುವುದು ತುಂಬ ಕಷ್ಟ. ತೂಕವನ್ನೂ ಲೆಕ್ಕಕ್ಕೆ ಇಡಿ. ಸ್ಪರ್ಧೆಯಲ್ಲಿ ರೈಫಲ್ 5.5 ಕೆಜಿ ಮೀರುವಂತಿಲ್ಲ, ಆದರೆ ಹೊಸಬರಿಗೆ ಅಷ್ಟು ಭಾರ ಹಿಡಿದು ನಿಲ್ಲುವುದೇ ಆಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಷ್ಟು ನೋಡಲೇಬೇಕು. ಟ್ರಿಗರ್ ಹಿಂದಿನ ಸಪೂರ ಭಾಗದಲ್ಲಿ, ಸ್ಕ್ರೂ ತೂತುಗಳ ಸುತ್ತ ಕೂದಲೆಳೆಯಂಥ ಬಿರುಕು ಇದೆಯಾ ಎಂದು ಬಿಸಿಲಿಗೆ ಓರೆ ಹಿಡಿದು ನೋಡಿ. ಹೊಸದಾಗಿ ಗಾಢ ಪಾಲಿಶ್ ಹೊಡೆದಿದ್ದರೆ ಇನ್ನೂ ಹುಷಾರಾಗಿ ನೋಡಿ, ಬಿರುಕು ಮುಚ್ಚಲೂ ಪಾಲಿಶ್ ಹೊಡೆಯುತ್ತಾರೆ. ಬ್ಯಾರಲ್ ಬಾಯಿಯ ಅಂಚಿನ ಸುತ್ತ ಕಿವಿಗೆ ಹಾಕುವ ಹತ್ತಿ ಕಡ್ಡಿ ತಿರುಗಿಸಿ. ಹತ್ತಿ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಂಚು ಪೆಟ್ಟು ತಿಂದಿದೆ. ಸುಟ್ಟ ಎಣ್ಣೆ ವಾಸನೆ ಬರುತ್ತಿದ್ದರೆ ಹಿಂದಿನವರು ಒಳಗೆ ಎಣ್ಣೆ ಸುರಿದಿದ್ದಾರೆ, ಸೀಲ್ ಹೋಗಿರಬಹುದು.

ಹಳೆಯ ಜರ್ಮನ್ ಸ್ಪರ್ಧಾ ಪಿಸಿಪಿ ಕಡಿಮೆಗೆ ಸಿಗುತ್ತಿದೆ ಅಂದರೆ ಮೊದಲು ಸಿಲಿಂಡರ್ ಮೇಲೆ ಕೊರೆದಿರುವ ತಾರೀಖು ಓದಿ. ಇವುಗಳ ಗಾಳಿ ಸಿಲಿಂಡರ್‌ಗೆ ಸಾಮಾನ್ಯವಾಗಿ 10 ವರ್ಷದ ಅವಧಿ. ಅವಧಿ ಮುಗಿದ ಸಿಲಿಂಡರ್‌ನೊಂದಿಗೆ ಸ್ಪರ್ಧೆಗೆ ಬಿಡುವುದಿಲ್ಲ, ತುಂಬಿಸುವುದೂ ಅಪಾಯ. ಹೊಸ ಸಿಲಿಂಡರ್ ಬೆಲೆ ಸೇರಿಸಿಯೇ ಚೌಕಾಸಿ ಮಾಡಿ.

ಹಂತ 5: ಮನೆಗೆ ತಂದ ಮೇಲೆ, ಸ್ಕೋಪ್ ಮುಟ್ಟುವ ಮೊದಲು

ಹೊಸ ಬ್ಯಾರಲ್ ಒಳಗೆ ಕಾರ್ಖಾನೆಯ ಜಿಡ್ಡು ಇರುತ್ತದೆ. ಒಣ ಬಟ್ಟೆ ತುಣುಕು ಎಳೆದು ತೆಗೆಯಿರಿ, ಬಟ್ಟೆ ಬೆಳ್ಳಗೆ ಬರುವವರೆಗೆ. ಸ್ಕ್ರೂಗಳನ್ನು ಬಿಗಿ ಮಾಡಿ. ಸ್ಪ್ರಿಂಗ್ ರೈಫಲ್ ಆದರೆ ಮೊದಲ ಕೆಲವು ಡಜನ್ ಗುಂಡಿಗೆ ಸ್ವಲ್ಪ ಹೊಗೆ ಬರುವುದು ಸಹಜ, ಒಳಗಿನ ಗ್ರೀಸ್ ಉರಿಯುತ್ತದೆ. ಅದು ನಿಂತು, ಕೆಲವು ನೂರು ಗುಂಡು ಹೋದ ಮೇಲೆ ರೈಫಲ್ ಒಂದು ಹದಕ್ಕೆ ಬರುತ್ತದೆ. ಅಲ್ಲಿಯವರೆಗೆ ಗುಂಪು ನೋಡಿ ಬೇಜಾರು ಮಾಡಿಕೊಳ್ಳಬೇಡಿ.

ಕಾಕ್ ಮಾಡಿ ಪೆಲೆಟ್ ಹಾಕುವಾಗ ಬ್ಯಾರಲ್ ಅಥವಾ ಲಿವರ್ ಅನ್ನು ಇನ್ನೊಂದು ಕೈಯಲ್ಲಿ ಹಿಡಿದೇ ಇರಬೇಕು. ಟ್ರಿಗರ್ ತಪ್ಪಿದರೆ ಬ್ಯಾರಲ್ ಬಡಿದು ಬೆರಳು ಜಜ್ಜಿಹೋಗುತ್ತದೆ. ಸ್ಪ್ರಿಂಗ್ ರೈಫಲ್ ಅನ್ನು ಪೆಲೆಟ್ ಇಲ್ಲದೆ ಖಾಲಿ ಹೊಡೆಯಬಾರದು. ಪಿಸ್ಟನ್‌ಗೆ ಗಾಳಿಯ ಮೆತ್ತೆ ಸಿಗದೆ ನೇರ ಹೋಗಿ ಗುದ್ದುತ್ತದೆ.

ಹಿಡಿತ: ಸ್ಪ್ರಿಂಗ್ ರೈಫಲ್ ಅನ್ನು ಬಿಗಿಯಾಗಿ ಅಪ್ಪಿ ಹಿಡಿದರೆ ಪ್ರತಿ ಸಲ ಬೇರೆ ಬೇರೆ ಜಗ್ಗಾಟ. ಪೆಲೆಟ್ ಬ್ಯಾರಲ್ ಬಿಡುವ ಮೊದಲೇ ರೈಫಲ್ ಅಲ್ಲಾಡಲು ಶುರುವಾಗಿರುತ್ತದೆ. ಹಾಗಾಗಿ ಮುಂಭಾಗ ಬಿಚ್ಚಿದ ಅಂಗೈ ಮೇಲೆ ಸುಮ್ನೆ ಕೂರಲಿ, ಬೆರಳು ಸುತ್ತಬೇಡಿ. ಅಂಗೈ ಇಡುವ ಜಾಗಕ್ಕೆ ಸ್ಟಾಕ್ ಮೇಲೆ ಸಣ್ಣ ಟೇಪ್ ತುಂಡು ಅಂಟಿಸಿಕೊಳ್ಳಿ, ಪ್ರತಿ ಸಲ ಅದೇ ಜಾಗ.

ಪೆಲೆಟ್ ಮೂರ್ನಾಲ್ಕು ಬಗೆ ತಂದು ಹತ್ತತ್ತು ಗುಂಡಿನ ಗುಂಪು ಹೊಡೆದು ನೋಡಿ. 10 ಮೀಟರ್‌ಗೆ ಚಪ್ಪಟೆ ಮೂತಿಯವು ಕಾಗದದಲ್ಲಿ ದುಂಡನೆಯ ತೂತು ಕೊಡುತ್ತವೆ. ಒಂದೇ ಹೆಸರಿನ ಪೆಲೆಟ್ ತಲೆ ಅಳತೆ 4.49, 4.50 ಎಂದು ಬೇರೆ ಬೇರೆ ಬರುತ್ತದೆ, ಡಬ್ಬಿ ಮೇಲೆ ಓದಿ. ಯಾವುದು ಸಣ್ಣ ಗುಂಪು ಕೊಟ್ಟಿತೋ ಅದನ್ನೇ ಹಿಡಿದುಕೊಳ್ಳಿ. ಪೆಲೆಟ್ ಸೀಸದ್ದು, ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಕಾಫಿ, ತಿಂಡಿ ಮುಟ್ಟಬೇಡಿ.

ಸ್ಕೋಪ್ ಬೇಕೇ ಬೇಕು ಅಂದರೆ ಏರ್ ರೈಫಲ್‌ಗೆಂದೇ ಮಾಡಿದ್ದು, 10 ಮೀಟರ್‌ಗೆ ಫೋಕಸ್ ಆಗುವಂಥದ್ದು ಕೇಳಿ. ಸ್ಪ್ರಿಂಗ್ ರೈಫಲ್‌ನ ಎರಡು ಕಡೆಯ ಜಗ್ಗಾಟಕ್ಕೆ ಅಗ್ಗದ ಸ್ಕೋಪ್ ಒಳಗೇ ಕಳಚಿಕೊಳ್ಳುತ್ತದೆ. ಗುರಿ ದಿನಕ್ಕೊಂದು ಕಡೆ ಹೋಗುತ್ತಿದ್ದರೆ ಸ್ಕೋಪ್ ಹಿಂದಕ್ಕೆ ಜಾರಿದೆಯಾ ನೋಡಿ. ಮೌಂಟ್ (ಸ್ಕೋಪ್ ಕೂರಿಸುವ ಹಿಡಿ) ಹಿಂದೆ ಪೆನ್ಸಿಲ್ ಗೆರೆ ಎಳೆದಿಟ್ಟರೆ ಗೊತ್ತಾಗುತ್ತದೆ.

ಹಂತ 6: ಸ್ಟಾಕ್ ಬಿಚ್ಚುವುದು

ಈಗ ಮರದ ಕೆಲಸ. ರೈಫಲ್ ಖಾಲಿ ಇದೆ, ಕಾಕ್ ಆಗಿಲ್ಲ ಎಂದು ಎರಡು ಸಲ ಖಚಿತಪಡಿಸಿಕೊಳ್ಳಿ. ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಸಾಮಾನ್ಯ ಬ್ರೇಕ್ ಬ್ಯಾರಲ್‌ನಲ್ಲಿ ಮುಂಭಾಗದ ಎರಡು ಪಕ್ಕಗಳಲ್ಲಿ ಒಂದೊಂದು, ಟ್ರಿಗರ್ ಗಾರ್ಡ್ ಹತ್ತಿರ ಒಂದೋ ಎರಡೋ ಸ್ಕ್ರೂ ಇರುತ್ತವೆ. ಬಿಚ್ಚಿದ ಸ್ಕ್ರೂಗಳನ್ನು ಮೊಟ್ಟೆ ಟ್ರೇಯ ಗುಳಿಗಳಲ್ಲಿ ಬಿಚ್ಚಿದ ಕ್ರಮದಲ್ಲೇ ಇಡಿ, ಉದ್ದ ಬೇರೆ ಬೇರೆ ಇರುತ್ತದೆ.

ಮರದಿಂದ ಕಬ್ಬಿಣದ ಭಾಗ ಬೇರೆಯಾದ ಮೇಲೆ ಅದನ್ನು ಅಲ್ಲಿಗೇ ಬಿಡಿ. ಕೊಳವೆ ಹಿಂದಿನ ಮುಚ್ಚಳ ಬಿಚ್ಚಬೇಡಿ. ಒಳಗೆ ಸ್ಪ್ರಿಂಗ್ ಒತ್ತಿ ಕೂತಿದೆ, ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಮುಖಕ್ಕೆ ಹಾರುತ್ತದೆ.

ಸ್ಟಾಕ್ ಒಳಮೈ ಈಗ ಕಾಣುತ್ತದೆ ಅಲ್ವಾ? ಬಹುತೇಕ ರೈಫಲ್‌ಗಳಲ್ಲಿ ಹೊರಗೆ ಹೊಳೆಯುವ ಪಾಲಿಶ್, ಒಳಗೆ ಬರೀ ಬಿಳಿ ಮರ. ಬಟ್ ಪ್ಲೇಟ್ ಬಿಚ್ಚಿ ನೋಡಿದರೂ ಹಾಗೇ. ಮರ ನೀರು ಕುಡಿಯುವುದು ಇಲ್ಲಿಂದಲೇ, ಅದರಲ್ಲೂ ಮರದ ಎಳೆ ಕತ್ತರಿಸಿ ನಿಂತಿರುವ ಬಟ್ ತುದಿಯಿಂದ. ಹಿಂದಿನವರು ಎಣ್ಣೆ ಸುರಿದಿದ್ದರೆ ಟ್ರಿಗರ್ ಕೂರುವ ಜಾಗದ ಸುತ್ತ ಮರ ಕಪ್ಪಾಗಿ, ಉಗುರಿನಲ್ಲಿ ಒತ್ತಿದರೆ ಮೆತ್ತಗಿರುತ್ತದೆ. ಅಂಥ ಕಡೆ ಥಿನ್ನರ್ ಅದ್ದಿದ ಬಟ್ಟೆ ಇಟ್ಟು ಎಣ್ಣೆ ಹೀರಿಸಬೇಕು, ಬಟ್ಟೆಗೆ ಬಣ್ಣ ಬರುವುದು ನಿಲ್ಲುವವರೆಗೆ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೀಪ, ಊದುಬತ್ತಿ, ಸ್ಟೌ ಇರಬಾರದು.

ಹಂತ 7: ಗುಳಿ ಎಬ್ಬಿಸುವುದು, ಬಿರುಕು ಕೂಡಿಸುವುದು

ಗುಳಿ ಬಿದ್ದ ಕಡೆ ಮರ ಹೋಗಿಲ್ಲ, ಎಳೆಗಳು ಒತ್ತಿಕೊಂಡಿವೆ ಅಷ್ಟೆ. ಆವಿ ಕೊಟ್ಟರೆ ಅವು ಮತ್ತೆ ಉಬ್ಬುತ್ತವೆ. ಮೇಲೆ ಪ್ಲಾಸ್ಟಿಕ್‌ನಂಥ ದಪ್ಪ ಪಾಲಿಶ್ ಇದ್ದರೆ ಅಷ್ಟು ಜಾಗದಲ್ಲಿ ಮೊದಲು ಉಜ್ಜಿ ತೆಗೆಯಿರಿ. ಇಲ್ಲವಾದರೆ ಆವಿ ಒಳಗಿಳಿಯುವುದಿಲ್ಲ, ಪಾಲಿಶ್ ಬಿಳಿಚಿಕೊಳ್ಳುತ್ತದೆ.

ಬನಿಯನ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಒದ್ದೆ ಮಾಡಿ ಹಿಂಡಿ ಗುಳಿ ಮೇಲೆ ಇಡಿ. ಇಸ್ತ್ರಿ ಪೆಟ್ಟಿಗೆಯ ಮೂತಿಯನ್ನು ಅದರ ಮೇಲೆ ಐದರಿಂದ ಹತ್ತು ಸೆಕೆಂಡು ಒತ್ತಿ. ಚುಸ್ ಎಂದು ಆವಿ ಏಳುತ್ತದೆ. ಬಟ್ಟೆ ಎತ್ತಿ ನೋಡಿ. ಗುಳಿಯ ಅಂಚು ಮಂಕಾಗಿ, ತಳ ಮೇಲೆ ಬಂದಿರುತ್ತದೆ. ಬಟ್ಟೆ ಒಣಗುವಷ್ಟು ಒತ್ತಬೇಡಿ, ಮರ ಸುಟ್ಟು ಕಂದಾಗುತ್ತದೆ. ಮತ್ತೆ ಒದ್ದೆ ಮಾಡಿ ಮತ್ತೆ ಒತ್ತಿ. ಗುಳಿ ಸಮಕ್ಕೆ ಬಂದ ಮೇಲೆ ಒಂದು ರಾತ್ರಿ ಒಣಗಲು ಬಿಡಿ. ಎಳೆ ಹರಿದುಹೋಗಿರುವ ಕಡೆ ಇದು ಪೂರ್ತಿ ಕೆಲಸ ಮಾಡುವುದಿಲ್ಲ.

ಬಿರುಕು ಇದ್ದರೆ ಬಗ್ಗಿಸಿ ದೊಡ್ಡದು ಮಾಡಬೇಡಿ. ಥಿನ್ನರ್‌ನಿಂದ ಜಿಡ್ಡು ತೆಗೆದು ಒಣಗಿಸಿ. ಎಪಾಕ್ಸಿಯ ಎರಡೂ ಭಾಗ ಸಮನಾಗಿ ಕಲಸಿ, ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿದರೆ ತೆಳುವಾಗಿ ಬಿರುಕಿನೊಳಗೆ ಇಳಿಯುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಸೈಕಲ್ ಟ್ಯೂಬ್ ಪಟ್ಟಿಯನ್ನು ಎಳೆದು ಎಳೆದು ಬಿಗಿಯಾಗಿ ಸುತ್ತಿ. ಸ್ಟಾಕ್‌ನಂಥ ಉರುಟು ಆಕಾರಕ್ಕೆ ಬಡಗಿಯ ಕ್ಲಾಂಪ್‌ಗಿಂತ ಟ್ಯೂಬೇ ಚೆನ್ನಾಗಿ ಒತ್ತುತ್ತದೆ. ಒಂದು ಪೂರ್ತಿ ದಿನ ಮುಟ್ಟಬೇಡಿ. ಸಪೂರ ಭಾಗ ಅಡ್ಡಲಾಗಿ ಪೂರ್ತಿ ಸೀಳಿದ್ದರೆ ಮನೆಯಲ್ಲಿ ಅಂಟಿಸಿ ಹೊಡೆಯಲು ಹೋಗಬೇಡಿ, ಹೊಸ ಸ್ಟಾಕ್ ಬೇಕು. ಮೈಸೂರಿನಲ್ಲಿ ಬೀಟೆ ಮರದ ಕುಸುರಿ ಮಾಡುವ ಒಳ್ಳೆಯ ಕೆಲಸಗಾರರಿದ್ದಾರೆ. ಹಳೆಯದನ್ನೇ ಮಾದರಿಗೆ ಕೊಟ್ಟರೆ ಹೊಸದನ್ನು ಕಡೆದುಕೊಡಬಲ್ಲವರು ಸಿಗುತ್ತಾರೆ. ಕಬ್ಬಿಣದ ಭಾಗವನ್ನು ಮಾತ್ರ ಅವರ ಹತ್ತಿರ ಬಿಟ್ಟು ಬರಬೇಡಿ, ಅಳತೆಗೆ ಬೇಕಾದಾಗ ನೀವೇ ತೆಗೆದುಕೊಂಡು ಹೋಗಿ.

ಹಂತ 8: ಉಜ್ಜುವುದು ಮತ್ತು ಎಣ್ಣೆ ಕೊಡುವುದು

220ರಿಂದ ಶುರು ಮಾಡಿ 320, 400ಕ್ಕೆ ಹೋಗಿ. ಎಳೆಯ ಉದ್ದಕ್ಕೇ ಉಜ್ಜಿ, ಅಡ್ಡಕ್ಕೆ ಉಜ್ಜಿದ ಗೀರು ಎಣ್ಣೆ ಬಿದ್ದ ಮೇಲೆ ಎದ್ದು ಕಾಣುತ್ತದೆ. ಸಮತಟ್ಟಾದ ಕಡೆ ಕಾಗದವನ್ನು ಮರದ ತುಂಡಿಗೆ ಸುತ್ತಿಯೇ ಉಜ್ಜಿ, ಬರೀ ಬೆರಳಿನಿಂದ ಉಜ್ಜಿದರೆ ಅಲೆ ಅಲೆ ಆಗುತ್ತದೆ. ಕಬ್ಬಿಣ ಕೂರುವ ಅಂಚುಗಳ ಹತ್ತಿರ ಉಪ್ಪು ಕಾಗದ ತರಲೇಬೇಡಿ. ಅಲ್ಲಿ ಒಂದು ಕೂದಲಷ್ಟು ತೆಗೆದರೂ ಜೋಡಿಸಿದಾಗ ಸಂದು ಕಾಣುತ್ತದೆ. ಹಿಡಿತಕ್ಕೆಂದು ಚೌಕಳಿ ಕೊರೆದ ಜಾಗವನ್ನು ಟೇಪ್ ಹಾಕಿ ಮುಚ್ಚಿ, ಅದಕ್ಕೆ ಟೂತ್ ಬ್ರಷ್ ಸಾಕು. ಮೂಗಿಗೆ ಮಾಸ್ಕ್ ಹಾಕಿ, ತೇಗ, ಬೀಟೆಯ ಪುಡಿ ಎದೆಗೆ ಒಳ್ಳೆಯದಲ್ಲ.

ಈಗ ಎಲ್ಲರೂ ಎಡವುವ ಜಾಗ. ತೆಂಗಿನೆಣ್ಣೆ, ಹರಳೆಣ್ಣೆ, ಕಡಲೆಕಾಯಿ ಎಣ್ಣೆ ಯಾವುದೂ ಬೇಡ. ತೆಂಗಿನೆಣ್ಣೆ ಯಾವತ್ತೂ ಒಣಗಿ ಗಟ್ಟಿಯಾಗುವುದಿಲ್ಲ. ಮರದಲ್ಲಿ ಹಾಗೇ ಉಳಿದು, ಧೂಳು ಹಿಡಿದು, ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಹಾಗಲ್ಲ, ಗಾಳಿಯ ಆಮ್ಲಜನಕ ಕುಡಿದು ಗಟ್ಟಿ ಪೊರೆಯಾಗುತ್ತದೆ. ಆದರೆ ಗಾಣದಲ್ಲಿ ತೆಗೆದ, ಅಡುಗೆಗೆ ಬಳಸುವ ಹಸಿ ಅಗಸೆ ಎಣ್ಣೆ ಒಣಗಲು ತುಂಬ ದಿನ ಬೇಕು. ಪೇಂಟ್ ಅಂಗಡಿಯ ಡಬಲ್ ಬಾಯ್ಲ್ಡ್‌ನಲ್ಲಿ ಬೇಗ ಒಣಗಿಸುವ ಪದಾರ್ಥ ಸೇರಿಸಿರುತ್ತಾರೆ. ಅದನ್ನೇ ಕೇಳಿ ತನ್ನಿ.

ಮೊದಲ ಕೋಟ್‌ಗೆ ಎಣ್ಣೆ, ಟರ್ಪೆಂಟೈನ್ ಸಮ ಸಮ ಬೆರೆಸಿ ಧಾರಾಳವಾಗಿ ಹಚ್ಚಿ. ಒಳಮೈ, ಸ್ಕ್ರೂ ತೂತಿನ ಒಳಗೆ, ಬಟ್ ತುದಿಗೆ ಮರೆಯದೆ ಹಚ್ಚಿ. ಬಟ್ ತುದಿ ಎಷ್ಟು ಕೊಟ್ಟರೂ ಕುಡಿಯುತ್ತದೆ, ಕುಡಿಯುವುದು ನಿಲ್ಲುವವರೆಗೂ ಕೊಡಿ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಮೇಲೆ ನಿಂತಿರುವ ಎಣ್ಣೆಯನ್ನೆಲ್ಲ ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ಮೇಲೆ ಉಳಿದ ಎಣ್ಣೆಯೇ ಮುಂದೆ ಅಂಟಂಟಾಗುವುದು.

ಬೇಸಿಗೆಯಲ್ಲಾದರೆ ಒಂದು ದಿನ ಬಿಡಿ. ಆಷಾಢದ ಗಾಳಿ ಮಳೆಯಲ್ಲಿ, ನಾಲೆ ಬಯಲಿನ ಊರುಗಳಲ್ಲಿ ಎರಡು ಮೂರು ದಿನ ಬೇಕು. ಬೆರಳ ಹಿಂಬದಿ ತಾಗಿಸಿ ನೋಡಿ, ಎಳೆದ ಹಾಗೆ ಅನಿಸಿದರೆ ಇನ್ನೂ ಕಾಯಿರಿ. ನೇರ ಬಿಸಿಲಿಗೆ ಇಟ್ಟು ಅವಸರ ಮಾಡಬೇಡಿ, ಮರ ಬಾಗುತ್ತದೆ. ಮುಂದಿನ ಕೋಟ್‌ಗಳು ಬರೀ ಎಣ್ಣೆ, ಅದೂ ಅಂಗೈಯಲ್ಲಿ ನಾಲ್ಕು ಹನಿ ಹಾಕಿಕೊಂಡು ಬಿಸಿ ಬರುವ ಹಾಗೆ ಉಜ್ಜಬೇಕು. ಎರಡು ಕೋಟ್ ನಡುವೆ ಸವೆದ 600ರ ಕಾಗದದಿಂದ ಹಗುರವಾಗಿ ಸವರಿ. ಐದಾರು ಕೋಟ್‌ಗೆ ಒಳಗಿನಿಂದ ಬಂದಂಥ ಮಂದ ಹೊಳಪು ಬರುತ್ತದೆ. ನನಗಂತೂ ಕನ್ನಡಿ ಹೊಳಪಿನ ಮೆಲಮೈನ್ ಪಾಲಿಶ್‌ಗಿಂತ ಇದೇ ಮೇಲು. ಗೀರು ಬಿದ್ದರೆ ಅಷ್ಟು ಜಾಗಕ್ಕೆ ಮಾತ್ರ ಮತ್ತೆ ಎಣ್ಣೆ ಕೊಟ್ಟರೆ ಆಯಿತು.

ಆಗಲೇ ಅಂಟಂಟಾಗಿರುವ ಸ್ಟಾಕ್ ಇದ್ದರೆ ಟರ್ಪೆಂಟೈನ್ ಅದ್ದಿದ ಒರಟು ಬಟ್ಟೆಯಿಂದ ಉಜ್ಜಿ ಮೇಲಿನ ಪದರ ತೆಗೆದು, ಒಂದು ವಾರ ಗಾಳಿಯಲ್ಲಿ ಬಿಡಿ. ಮೇಲೆ ಇನ್ನೊಂದು ಕೋಟ್ ಹಚ್ಚಿದರೆ ಸರಿಹೋಗುವುದಿಲ್ಲ.

ಎಣ್ಣೆ ಬಟ್ಟೆಯ ಅಪಾಯ: ಲಿನ್ಸೀಡ್ ಎಣ್ಣೆ ಒಣಗುವಾಗ ಬಿಸಿ ಬಿಡುತ್ತದೆ. ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಬಿಸಿ ಒಳಗೇ ಕೂಡಿ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಒಂದೊಂದನ್ನೂ ಬಿಡಿಸಿ ಹೊರಗೆ ತಂತಿ ಮೇಲೆ ಹರವಿ, ಗರಿಗರಿಯಾಗಿ ಒಣಗಿದ ಮೇಲೆ ಎಸೆಯಿರಿ. ಆಗದಿದ್ದರೆ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ಹಂತ 9: ಮತ್ತೆ ಜೋಡಿಸುವುದು

ಕೊನೆಯ ಕೋಟ್ ಆಗಿ ಒಂದು ವಾರದ ಮೇಲೆ ಜೋಡಿಸಿ. ಎಲ್ಲ ಸ್ಕ್ರೂಗಳನ್ನೂ ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ. ಒಂದನ್ನು ಪೂರ್ತಿ ಬಿಗಿ ಮಾಡಿ ಇನ್ನೊಂದಕ್ಕೆ ಹೋದರೆ ಕಬ್ಬಿಣ ಓರೆಯಾಗಿ ಕೂರುತ್ತದೆ. ಮುಂದಿನವು, ಹಿಂದಿನವು ಎಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ. ಸ್ಕ್ರೂವಿನ ತಿರುಪು ಎಳೆಗೆ ಒಂದು ಹನಿ ನೀಲಿ ಥ್ರೆಡ್ ಲಾಕರ್ ಸಾಕು. ಕೆಂಪು ಹಾಕಿದರೆ ಮತ್ತೆ ಬಿಚ್ಚುವುದು ಕಷ್ಟ. ಸ್ಕ್ರೂ ಕೆಳಗೆ ಮರ ಪುಡಿಯಾಗುವ ಹಾಗೆ ಬಿಗಿ ಮಾಡಬೇಡಿ, ಹಿಡಿದುಕೊಂಡಿತು ಅನಿಸಿದ ಮೇಲೆ ಇನ್ನೊಂದು ಚೂರು ಅಷ್ಟೆ. ಆಮೇಲೆ ಗುರಿ ಸ್ವಲ್ಪ ಸರಿದಿರುತ್ತದೆ, ಸೈಟ್ ಹೊಂದಿಸಿಕೊಳ್ಳಿ.

ಹಂತ 10: ಮಳೆಗಾಲ ದಾಟಿಸುವುದು

ಹೊಡೆದು ಮುಗಿದ ಕೂಡಲೇ ಬೆವರಿನ ಕೈ ತಾಗಿದ ಕಬ್ಬಿಣವನ್ನು ಒಂದೆರಡು ಹನಿ ಗನ್ ಆಯಿಲ್ ಹಾಕಿದ ಬಟ್ಟೆಯಿಂದ ಒರೆಸಿ. ಬಟ್ಟೆಯಿಂದ ಮಾತ್ರ, ಸ್ಪ್ರೇ ಹೊಡೆಯಬೇಡಿ. ಸ್ಪ್ರೇ ಎಣ್ಣೆ ಒಳಗೆ ಹೋದರೆ ಒತ್ತಡಕ್ಕೆ ಹೊತ್ತಿ ಪಟಾಕಿಯಂತೆ ಸದ್ದಾಗಿ ಸೀಲ್ ಸುಡುತ್ತದೆ. ಮರಕ್ಕೆ ತಿಂಗಳಿಗೊಮ್ಮೆ ಒಣ ಬಟ್ಟೆ, ವರ್ಷಕ್ಕೊಮ್ಮೆ ನಾಲ್ಕು ಹನಿ ಲಿನ್ಸೀಡ್.

ರೆಕ್ಸಿನ್ ಕವರ್, ಸ್ಪಂಜಿನ ಪೆಟ್ಟಿಗೆ ಸಾಗಿಸಲಷ್ಟೇ. ಅದರಲ್ಲೇ ಜೂನ್‌ನಿಂದ ಅಕ್ಟೋಬರ್‌ವರೆಗೆ ಇಟ್ಟರೆ ತೇವ ಒಳಗೇ ಉಳಿದು ಬ್ಯಾರಲ್ ಮೇಲೆ ಸ್ಪಂಜಿನ ಗುರುತೇ ತುಕ್ಕಾಗಿ ಮೂಡುತ್ತದೆ. ಬೀಗ ಹಾಕುವ ಬೀರುವಿನಲ್ಲಿ, ಹೊರಗೋಡೆಗೆ ತಾಗದಂತೆ, ನೆಲದಿಂದ ಒಂದಡಿ ಮೇಲೆ ಇಡಿ. ನೆಲಕ್ಕೆ ತಾಗಿದ್ದರೆ ಗೆದ್ದಲಿಗೆ ದಾರಿ. ಪೆಲೆಟ್ ಬೇರೆ ಕಡೆ, ಮಕ್ಕಳ ಕೈಗೆ ಸಿಗದ ಹಾಗೆ. ಸ್ಪ್ರಿಂಗ್ ರೈಫಲ್ ಕಾಕ್ ಮಾಡಿ ಇಡಬಾರದು, ಪಿಸಿಪಿಯಲ್ಲಿ ತಯಾರಕರು ಹೇಳಿದಷ್ಟು ಗಾಳಿ ಉಳಿಸಿ ಇಡಬೇಕು. ಪೂರ್ತಿ ಖಾಲಿ ಬಿಟ್ಟರೆ ಸೀಲ್ ಸಡಿಲಾಗಬಹುದು.

ಬೀರುವಿನಲ್ಲಿ ಸಿಲಿಕಾ ಜೆಲ್ ಇಟ್ಟಿರಿ. ಬಣ್ಣ ತಿರುಗಿದಾಗ ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ, ಕಿಟಕಿ ತೆರೆದು, ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮೊದಲಿನ ಬಣ್ಣಕ್ಕೆ ಬರುತ್ತದೆ. ಮರ ಮಳೆಗಾಲದಲ್ಲಿ ಉಬ್ಬಿ, ಸಂಕ್ರಾಂತಿ ಹೊತ್ತಿಗೆ ಒಣಗಿ ಕುಗ್ಗುತ್ತದೆ. ಹಾಗಾಗಿ ಜುಲೈನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಸ್ಟಾಕ್ ಸ್ಕ್ರೂಗಳ ಬಿಗಿ ನೋಡಿ. ಅದರ ಜೊತೆಗೆ ಸ್ಪ್ರಿಂಗ್ ರೈಫಲ್ ಆದರೆ ಪ್ರತಿ ಇನ್ನೂರು ಗುಂಡಿಗೊಮ್ಮೆ ನೋಡಿ. ಬಿಗಿ ಮಾಡಿದ ಸ್ಕ್ರೂ ವಾರದಲ್ಲೇ ಮತ್ತೆ ಸಡಿಲವಾಗುತ್ತಿದ್ದರೆ, ತೂತಿನ ಸುತ್ತ ಮರ ಒತ್ತಿ ತಗ್ಗಾಗಿದೆ ಎಂದರ್ಥ. ಸ್ವಲ್ಪ ಅಗಲವಾದ ವಾಷರ್ ಹಾಕಿ, ಆಮೇಲೂ ನಿಲ್ಲದಿದ್ದರೆ ಆ ತಗ್ಗಿಗೆ ಎಪಾಕ್ಸಿ ತುಂಬಿ ಗಟ್ಟಿಯಾದ ಮೇಲೆ ಮತ್ತೆ ಕೊರೆಸಿ.